ತಾಳದ ಪೆಟ್ಟಿಗೆಯನ್ನು ನುಡಿಸುವ ಬಗೆ

ಅರ್ಧ ಶತಮಾನಕ್ಕೂ ಹಿಂದೆ, ಅಮೆರಿಕ ಯೂರೋಪುಗಳಲ್ಲಿಯೂ ಜಪಾನಿನಲ್ಲಿಯೂ ಮನೆಯ ಪಡಸಾಲೆಯಲ್ಲಿ ಕುಳಿತು ಆರ್ಗನ್ ನುಡಿಸುತ್ತಿದ್ದ ಗೃಹಸ್ಥರಿಗೆ ತಾಳವಾದ್ಯದವನೊಬ್ಬನಿಲ್ಲದ ಕೊರತೆಯನ್ನು ನೀಗಿಸಬೇಕೆಂಬ ಸದುದ್ದೇಶದಿಂದ, ಒಂದು ಬಗೆಯ ಪೆಟ್ಟಿಗೆ ಮಾರಾಟಕ್ಕೆ ಬಂದಿತು. ಅದರ ಮುಖದ ಮೇಲೆ ವಾಲ್ಟ್ಸ್, ರುಂಬಾ, ಬೋಸಾನೋವಾ, ಫಾಕ್ಸ್‌ಟ್ರಾಟ್ ಎಂದು ಹೆಸರು ಬರೆದ ಗುಂಡಿಗಳ ಸಾಲು. ಪಕ್ಕದಲ್ಲಿ ವೇಗಕ್ಕೊಂದು, ಸದ್ದಿನ ಏರಿಳಿತಕ್ಕೊಂದು ತಿರುಗಣೆ. ಗುಂಡಿಯನ್ನೊತ್ತಿದೊಡನೆ ಅದು ಹೊರಡಿಸುವ ‘ಡುಮ್ ಟಿಕ್ಕ ಟಿಕ್ಕ’ವನ್ನು ಕೇಳಿ, ಒಳಗೆ ಯಾರೋ ನಿಜವಾದ ಡ್ರಮ್ಮನ್ನು ಬಾರಿಸುತ್ತಿದ್ದಾರೆಂದು ಮೋಸಹೋದವನು ಒಬ್ಬನಾದರೂ ಇದ್ದಿರಲಾರನು. ಅನುಕರಣೆಯೇ ತನ್ನ ಧರ್ಮವೆಂದು ಹುಟ್ಟಿ, ಆ ಧರ್ಮದಲ್ಲಿ ಸಂಪೂರ್ಣವಾಗಿ ಸೋತ ವಾದ್ಯವಿದು. ಹೀಗಿದ್ದರೂ ಹೊಸ ನಾದವನ್ನು ಅರಸುವ ಸಂಗೀತಗಾರರು ಇಂದಿಗೂ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಇದನ್ನೇ ಹುಡುಕಿಕೊಂಡು ಹೋಗುತ್ತಾರೆ. ಮತ್ತು ವಿಚಾರಿಸಿ ನೋಡಿದರೆ, ಅದು ಸೋಲುವುದಕ್ಕೆ ಯಾವುದು ಕಾರಣವಾಯಿತೋ ಅದೇ ಇಂದು ಅದನ್ನು ಹುಡುಕುವುದಕ್ಕೂ ಕಾರಣವಾಗಿದೆ.

ಆ ಕಾರಣವನ್ನು ತಿಳಿಯಬೇಕಾದರೆ ಪೆಟ್ಟಿಗೆಯ ಹುಟ್ಟನ್ನು ಸ್ವಲ್ಪ ನೋಡಬೇಕು. ವುರ್ಲಿಟ್ಜರ್ ಎಂಬ ಅಮೆರಿಕದ ವಾದ್ಯ ತಯಾರಕರು 1959ರಲ್ಲಿ ‘ಸೈಡ್‌ಮ್ಯಾನ್’ ಎಂಬ ಯಂತ್ರವನ್ನು ಹೊರತಂದರು. ಮರದ ಕಪಾಟನ್ನು ಹೋಲುವ ಅದರೊಳಗೆ ಮೋಟಾರೊಂದು ಚಕ್ರವನ್ನು ತಿರುಗಿಸುತ್ತಿದ್ದಿತು. ಚಕ್ರದ ಕೈ ಒಂದೊಂದು ಲೋಹದ ಬಿಂದುವನ್ನು ಮುಟ್ಟಿದಾಗಲೂ ನಿರ್ವಾತ ವಾಲ್ವುಗಳ ಮಂಡಲವೊಂದು ಒಂದೊಂದು ಸದ್ದನ್ನು ಮಾಡುತ್ತಿದ್ದಿತು. ಟೋಕಿಯೋದ ಶಿಂಜುಕು ಭಾಗದಲ್ಲಿ ರಾತ್ರಿಯ ಕ್ಲಬ್ಬೊಂದನ್ನು ನಡೆಸುತ್ತಿದ್ದ ತ್ಸುತೊಮು ಕಾತೋ ಎಂಬವರಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದ ತದಾಶಿ ಒಸಾನಾಯಿ ಅವರಿಗೆ ಈ ಸೈಡ್‌ಮ್ಯಾನೇ ಪಕ್ಕವಾದ್ಯ. ಒಸಾನಾಯಿ ಎಂಜಿನಿಯರಿಂಗ್ ಓದಿದವರು. ದಿನವೂ ಆ ಯಂತ್ರದ ಜೊತೆಯಲ್ಲಿ ನುಡಿಸಿ ನುಡಿಸಿ ಬೇಸತ್ತು, ಇದಕ್ಕಿಂತ ಚೆನ್ನಾದುದನ್ನು ತಾನೇ ಮಾಡಬಲ್ಲೆನೆಂದು ಕಾತೋ ಅವರಲ್ಲಿ ಹೇಳಿಕೊಂಡರು. ಕಾತೋ ಹಣ ಹೂಡಿದರು. ಕೇಯೋ ಎಂಬ ಅವರ ಕಂಪೆನಿಯಿಂದ 1963ರಲ್ಲಿ ‘ಡೊಂಕಾ-ಮ್ಯಾಟಿಕ್’ ಹೊರಬಿದ್ದಿತು. ಆ ಕಂಪೆನಿಯೇ ಇಂದಿನ ಕೊರ್ಗ್. ಅದೇ ಕಾಲದಲ್ಲಿ, ಗಡಿಯಾರ ರಿಪೇರಿಯಿಂದ ಬದುಕನ್ನು ಆರಂಭಿಸಿದ್ದ ಇಕುತಾರೋ ಕಾಕೆಹಾಶಿ ಎಂಬ ಮತ್ತೊಬ್ಬ ಸಾಹಸಿ ಏಸ್ ಟೋನ್ ಎಂಬ ಕಂಪೆನಿಯನ್ನು ಕಟ್ಟಿ, 1967ರಲ್ಲಿ ‘ರಿದಂ ಏಸ್ ಎಫ್‌ಆರ್-1’ ಎಂಬ ಸಣ್ಣ ಟ್ರಾನ್ಸಿಸ್ಟರ್ ಯಂತ್ರವನ್ನು ತಂದರು. ಮುಂದೆ 1972ರಲ್ಲಿ ರೋಲ್ಯಾಂಡ್ ಕಂಪೆನಿಯನ್ನು ಸ್ಥಾಪಿಸಿದವರೂ ಇವರೇ. ನಮ್ಮ ಊರುಗಳ ಆರ್ಕೆಸ್ಟ್ರಾ ತಂಡಗಳಲ್ಲಿ ‘ರಿದಂ ಪ್ಯಾಡ್’ ಎಂದು ಮನೆಮಾತಾಗಿರುವ ಆಕ್ಟಾಪ್ಯಾಡ್ ಆ ರೋಲ್ಯಾಂಡಿನ ಸಂತಾನವೇ ಎಂಬುದನ್ನು ನೆನೆದರೆ, ಈ ವಂಶವೃಕ್ಷದ ಒಂದು ಕೊಂಬೆ ನಮ್ಮ ಗಣಪತಿ ಚಪ್ಪರದವರೆಗೂ ಚಾಚಿದೆಯೆಂದು ಸಂತೋಷಪಡಬಹುದು.

ಆದರೆ ರಿದಂ ಪ್ಯಾಡಿಗೂ ಈ ಹಳೆಯ ಪೆಟ್ಟಿಗೆಗೂ ಸ್ವಭಾವದಲ್ಲಿ ಮಹದಂತರವಿದೆ. ಪ್ಯಾಡಿನಲ್ಲಾಗಲಿ, ಇಂದಿನ ಕೀಬೋರ್ಡಿನಲ್ಲಾಗಲಿ, ಮೊಬೈಲಿನ ಆ್ಯಪಿನಲ್ಲಾಗಲಿ, ಎಂದೋ ಯಾರೋ ಬಾರಿಸಿದ ಡೋಲಕ್ಕಿನ ಪೆಟ್ಟು ಅಂಕಿಗಳ ರೂಪದಲ್ಲಿ ಶೇಖರವಾಗಿದ್ದು, ಕೋಲು ತಾಕಿದೊಡನೆ ಆ ಶೇಖರದ ಪ್ರತಿಯೊಂದು ಹೊರಬರುತ್ತದೆ. ಅನಲಾಗ್ ಎನ್ನಿಸಿಕೊಳ್ಳುವ ಈ ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಅಂತಹ ಶೇಖರವಾವುದೂ ಅಲ್ಲಿ ಸಿಕ್ಕದು. ಅಲ್ಲಿರುವುದು ಕೆಲವು ರೆಸಿಸ್ಟರುಗಳು, ಕೆಪಾಸಿಟರುಗಳು, ಬೆರಳೆಣಿಕೆಯ ಟ್ರಾನ್ಸಿಸ್ಟರುಗಳು ಮಾತ್ರ. ತೊಟ್ಟಿಲನ್ನು ಒಮ್ಮೆ ತೂಗಿ ಕೈಬಿಟ್ಟರೆ ಅದು ಹೇಗೆ ಒಂದೇ ಅವಧಿಯಲ್ಲಿ ಅತ್ತಿತ್ತ ಆಡುತ್ತ, ಆಡಿದಂತೆಲ್ಲ ಹರವು ಕುಗ್ಗುತ್ತ, ಕೊನೆಗೆ ನಿಂತುಬಿಡುವುದೋ, ಹಾಗೆಯೇ ಬೇಸ್ ಡ್ರಮ್ಮಿನ ವಿದ್ಯುನ್ಮಂಡಲಕ್ಕೆ ಕ್ಷಣಾರ್ಧದ ಒಂದು ವಿದ್ಯುತ್ ಸ್ಪಂದನವನ್ನು ಕೊಟ್ಟರೆ ಅದು ತನಗೆ ಸಹಜವಾದ ಶ್ರುತಿಯಲ್ಲಿ ಕಂಪಿಸಿ, ಕ್ರಮವಾಗಿ ಕ್ಷೀಣಿಸಿ, ಮೌನವಾಗುತ್ತದೆ. ಆ ಕಂಪನವನ್ನು ಸ್ಪೀಕರಿಗೆ ಕೊಟ್ಟಾಗ ನಮಗೆ ಕೇಳುವುದೇ ‘ಡುಮ್’. ಸ್ನೇರ್ ಡ್ರಮ್ಮಿಗೆ ಇಂತಹ ಕಂಪನದ ಜೊತೆಗೆ ‘ಛಸ್’ ಎನ್ನುವ ಗದ್ದಲವನ್ನು ಬೆರೆಸುತ್ತಾರೆ. ಹೈ-ಹ್ಯಾಟ್ ಎಂಬ ಜೋಡಿ ತಾಳಗಳಿಗೆ ಬಹುಪಾಲು ಅಗ್ಗದ ಯಂತ್ರಗಳಲ್ಲಿ ಆ ಗದ್ದಲವೇ ಸರ್ವಸ್ವ.

ಆ ಗದ್ದಲ ಬರುವ ಮೂಲವೂ ವಿಚಿತ್ರವಾದುದು. ಟ್ರಾನ್ಸಿಸ್ಟರೊಂದರ ಸಂಧಿಗೆ ತಲೆಕೆಳಗಾಗಿ ವಿದ್ಯುತ್ತನ್ನು ಹಾಯಿಸಿ, ಅದು ಒಳಗೊಳಗೇ ಕುಸಿಯುವಾಗ ಉಂಟಾಗುವ ಸುಸುರನ್ನು ಹಿಗ್ಗಿಸಿಕೊಂಡರೆ ಸರಿ. ರೋಲ್ಯಾಂಡಿನ ಪ್ರಸಿದ್ಧವಾದ ಟಿಆರ್-808 ಯಂತ್ರದಲ್ಲಿ, ಉಳಿದವರು ದೋಷಯುಕ್ತವೆಂದು ತಿರಸ್ಕರಿಸುವಂತಹ ಟ್ರಾನ್ಸಿಸ್ಟರುಗಳನ್ನು ಬೇಕೆಂದೇ ಆರಿಸಿ ಹಾಕಿಸುತ್ತಿದ್ದುದಾಗಿಯೂ, ಟ್ರಾನ್ಸಿಸ್ಟರ್ ತಯಾರಿಕೆ ಸುಧಾರಿಸಿದಂತೆ ಅಂತಹ ಕೆಟ್ಟ ಸರಕೇ ಸಿಕ್ಕದಂತಾಗಿ ಯಂತ್ರವನ್ನು ನಿಲ್ಲಿಸಬೇಕಾಯಿತೆಂದೂ ಕಾಕೆಹಾಶಿ ತಾವೇ ಹೇಳಿಕೊಂಡಿದ್ದಾರೆ. 1980ರಿಂದ 1983ರವರೆಗೆ ಮಾತ್ರ ತಯಾರಾದ ಆ 808, ಮಾರುಕಟ್ಟೆಯಲ್ಲಿ ಸೋತು ಹಳೆಯ ಸಾಮಾನಿನ ಅಂಗಡಿ ಸೇರಿದ ಮೇಲೆ ಬಡ ಹುಡುಗರ ಕೈಗೆ ಸಿಕ್ಕಿ, ಜಗತ್ತಿನ ಸಂಗೀತವನ್ನೇ ಬದಲಾಯಿಸಿತು. ಇಂದು ಅದರ ಬೆಲೆ ಗಗನಕ್ಕೇರಿರುವುದರಿಂದ, ಅಗ್ಗದ ಯಂತ್ರಗಳ ವಿಷಯವನ್ನು ಬರೆಯಹೊರಟ ನಾನು ಅದಕ್ಕೆ ದೂರದಿಂದಲೇ ಕೈಮುಗಿದು ಮುಂದೆ ಸಾಗುತ್ತೇನೆ.

ಒಳಗೆ ಮುದ್ರಿತವಾದ ಸದ್ದಿಲ್ಲ, ಪ್ರತಿ ಪೆಟ್ಟೂ ಆಗತಾನೇ ಹುಟ್ಟುತ್ತದೆ ಎಂಬ ಈ ಒಂದು ಸಂಗತಿಯಿಂದಲೇ ಮಿಕ್ಕೆಲ್ಲವೂ ಒದಗುತ್ತದೆ. ಗದ್ದಲವೆಂಬುದು ಸ್ವಭಾವತಃ ಅನಿಯತವಾದ್ದರಿಂದ ಒಂದು ಹೈ-ಹ್ಯಾಟಿನ ಪೆಟ್ಟು ಇನ್ನೊಂದರಂತೆ ಇರುವುದಿಲ್ಲ. ಹಿಂದಿನ ಪೆಟ್ಟಿನ ಕಂಪನ ಇನ್ನೂ ಅಡಗದಿರುವಾಗಲೇ ಮುಂದಿನ ಸ್ಪಂದನ ಬಂದು ಬಿದ್ದರೆ, ಎರಡೂ ಒಂದೇ ದಿಕ್ಕಿನಲ್ಲಿ ಕೂಡಿಕೊಂಡು ದೊಡ್ಡದಾಗಬಹುದು, ಎದುರುಬದುರಾಗಿ ಒಂದನ್ನೊಂದು ತಗ್ಗಿಸಲೂಬಹುದು. ಆದುದರಿಂದ ವೇಗದ ತಿರುಗಣೆಯನ್ನು ಕೂದಲೆಳೆಯಷ್ಟು ಸರಿಸಿದರೂ ಬೇಸ್ ಡ್ರಮ್ಮಿನ ಮಾತು ಬೇರೆಯಾಗುವುದುಂಟು. ಅಗ್ಗದ ಯಂತ್ರದ ಮುಂದೆ ಕುಳಿತವನು ಮೊದಲು ಮಾಡಬೇಕಾದ ಕೆಲಸ ಇದೇ: ಒಂದು ತಾಳವನ್ನು ಹಚ್ಚಿ ಬಿಟ್ಟು, ವೇಗವನ್ನು ಬಹು ನಿಧಾನವಾಗಿ ಏರಿಸುತ್ತ ಇಳಿಸುತ್ತ, ಎಲ್ಲಿ ಅದರ ಧ್ವನಿ ತುಂಬುತ್ತದೆ, ಎಲ್ಲಿ ಬಡವಾಗುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳುವುದು. ಇದಕ್ಕೆ ಉಪಕರಣ ಬೇಡ, ಖರ್ಚಿಲ್ಲ, ತಾಳ್ಮೆಯೊಂದಿದ್ದರೆ ಸಾಕು.

ಎರಡನೆಯ ಉಪಾಯವೂ ಪುಕ್ಕಟೆಯೇ. ಹಳೆಯ ಯಂತ್ರಗಳಲ್ಲಿ ತಾಳಗಳು ಡಯೋಡುಗಳ ಜಾಲರಿಯೊಂದರಲ್ಲಿ ನೆಲೆಗೊಂಡಿರುತ್ತವೆ. ಒಂದು ಕಡೆಯಿಂದ ಮಾತ್ರೆಗಳ ತಂತಿಗಳು, ಇನ್ನೊಂದು ಕಡೆಯಿಂದ ವಾದ್ಯಗಳ ತಂತಿಗಳು ಹಾದುಹೋಗಿ, ಅವೆರಡೂ ಸಂಧಿಸುವ ಯಾವ ಎಡೆಯಲ್ಲಿ ಡಯೋಡ್ ಕೂತಿದೆಯೋ ಆ ಮಾತ್ರೆಯಲ್ಲಿ ಆ ವಾದ್ಯಕ್ಕೆ ಪೆಟ್ಟು ಬೀಳುತ್ತದೆ. ಎರಡು ತಾಳಗಳ ಗುಂಡಿಗಳನ್ನು ಒಟ್ಟಿಗೆ ಅದುಮಿದರೆ ಎರಡು ಜಾಲರಿಗಳೂ ಕೂಡಿಕೊಂಡು, ತಯಾರಕರು ಕನಸಿನಲ್ಲಿಯೂ ಎಣಿಸದಿದ್ದ ಮೂರನೆಯ ತಾಳವೊಂದು ಹುಟ್ಟುತ್ತದೆ. ಎಫ್‌ಆರ್-1ರಲ್ಲಿ ಸಿದ್ಧವಾಗಿದ್ದ ತಾಳಗಳು 16 ಮಾತ್ರ. ಆದರೆ ಗುಂಡಿಗಳನ್ನು ಸೇರಿಸಿ ಒತ್ತುವುದರಿಂದ ನೂರಕ್ಕೂ ಮಿಕ್ಕ ಬಗೆಗಳನ್ನು ಪಡೆಯಬಹುದಾಗಿದ್ದಿತು. ಫ್ರಾನ್ಸಿನ ಜಾನ್-ಮಿಶೆಲ್ ಜಾರ್ 1976ರ ತಮ್ಮ ‘ಆಕ್ಸಿಜೆನ್’ ಕೃತಿಯಲ್ಲಿ ಕೇಯೋ ಕಂಪೆನಿಯ ಮಿನಿ ಪಾಪ್ಸ್ ಯಂತ್ರವನ್ನು ಬಳಸುವಾಗ, ಎರಡು ಗುಂಡಿಗಳು ಒತ್ತಿದಂತೆಯೇ ನಿಲ್ಲಲೆಂದು ಅವುಗಳ ಮೇಲೆ ಅಂಟುಪಟ್ಟಿ ಹಚ್ಚಿದ್ದರು. ಲಕ್ಷಗಟ್ಟಲೆ ಜನ ಕೇಳಿದ ಆ ಕೃತಿಯ ತಾಳದ ಹಿಂದಿರುವ ತಂತ್ರಜ್ಞಾನ ಒಂದು ತುಂಡು ಟೇಪು. ಮೂರರ ನಡೆಯನ್ನು ವಾಲ್ಟ್ಸಿನಿಂದಲೂ ನಾಲ್ಕರ ನಡೆಯನ್ನು ರಾಕ್‌ನಿಂದಲೂ ಎರವಲು ಪಡೆದು ಕೂಡಿಸಿದರೆ ಎಷ್ಟೋ ಯಂತ್ರಗಳಲ್ಲಿ ಅವು ನಡುವೆ ಎಡವುತ್ತವೆ. ಆ ಎಡವಟ್ಟೇ ಕೆಲವೊಮ್ಮೆ ನಮಗೆ ಬೇಕಾದ ಹಾಡಿನ ಬೀಜವಾಗುತ್ತದೆ.

ಇನ್ನು ತಾಳವನ್ನು ನಾವೇ ಬರೆದುಕೊಳ್ಳಬಹುದಾದ ಅಗ್ಗದ ಯಂತ್ರಗಳು. ಇವುಗಳಲ್ಲಿ ನನಗೆ ವಿಶೇಷ ಮಮತೆಯಿರುವುದು ರೋಲ್ಯಾಂಡಿನ ಸೋದರಿ ಸಂಸ್ಥೆಯಾದ ಬಾಸ್, 1970ರ ದಶಕದ ಕೊನೆಯ ಸುಮಾರಿಗೆ ತಂದ ‘ಡಾಕ್ಟರ್ ರಿದಂ ಡಿಆರ್-55’ ಎಂಬ ಪುಟ್ಟ ಪೆಟ್ಟಿಗೆಯ ಮೇಲೆ. ಬ್ಯಾಟರಿಯಿಂದ ನಡೆಯುವ ಇದರಲ್ಲಿ ಬೇಸ್ ಡ್ರಮ್, ಸ್ನೇರ್, ರಿಮ್‌ಶಾಟ್, ಹೈ-ಹ್ಯಾಟ್ ಎಂಬ ನಾಲ್ಕೇ ದನಿಗಳು. ತಾಳ ಬರೆಯುವ ವಿಧಾನವಂತೂ ಸರಳತೆಯ ಪರಾಕಾಷ್ಠೆ: ಪೆಟ್ಟು ಬೇಕಾದ ಮಾತ್ರೆಯಲ್ಲಿ ‘ಸ್ಟಾರ್ಟ್’ ಗುಂಡಿಯನ್ನೊತ್ತುವುದು, ಖಾಲಿ ಬಿಡಬೇಕಾದಲ್ಲಿ ‘ಸ್ಟಾಪ್’ ಗುಂಡಿಯನ್ನೊತ್ತುವುದು, ಹೀಗೆ 16 ಮಾತ್ರೆ ತುಂಬಿದರೆ ಒಂದು ಆವರ್ತ ಮುಗಿಯಿತು. ಪೆಟ್ಟಿನ ಬಲವನ್ನು ಬೆರಳಿನಿಂದ ತಿಳಿಸುವ ಸೌಕರ್ಯವಿಲ್ಲ; ಆಯ್ದ ಮಾತ್ರೆಗಳಿಗೆ ‘ಆ್ಯಕ್ಸೆಂಟ್’ ಎಂಬ ಒತ್ತನ್ನು ಕೊಟ್ಟು, ಆ ಒತ್ತು ಎಷ್ಟಿರಬೇಕೆಂಬುದನ್ನು ತಿರುಗಣೆಯಿಂದ ಗೊತ್ತುಮಾಡಬೇಕು. ಇದನ್ನು ಕೊರತೆಯೆಂದು ಹಳಿಯುವವರು, ತಾಳ ಓಡುತ್ತಿರುವಾಗಲೇ ಎಡಗೈಯಿಂದ ಆ ಒಂದು ತಿರುಗಣೆಯನ್ನು ಅತ್ತಿತ್ತ ಆಡಿಸಿ ನೋಡಿರುವುದಿಲ್ಲ. ಬರೆದದ್ದು ಒಂದೇ ತಾಳ. ಆದರೆ ಒತ್ತು ಉಕ್ಕಿ ಇಳಿದಂತೆಲ್ಲ ಅದು ಮುನ್ನುಗ್ಗುವಂತೆಯೂ ಹಿಂಜರಿಯುವಂತೆಯೂ ಕೇಳುತ್ತದೆ. ತಿರುಗಣೆಗಳು ಕಡಮೆಯಿದ್ದಷ್ಟೂ ಕೈ ಒಂದೊಂದರ ಸ್ವಭಾವವನ್ನೂ ಬೇಗ ಕಲಿಯುತ್ತದೆ.

ಪೆಟ್ಟಿಗೆಯ ಒಳಕ್ಕೇ ಕೈಹಾಕುವ ಧೈರ್ಯವಿದ್ದವರಿಗೆ ಇನ್ನೂ ದೊಡ್ಡ ಲೋಕವೊಂದು ತೆರೆದುಕೊಳ್ಳುತ್ತದೆ. ಮೇಲೆ ಹೇಳಿದ ಕಂಪಿಸುವ ಮಂಡಲವನ್ನು ಎಂಜಿನಿಯರುಗಳು ‘ಬ್ರಿಜ್ಡ್-ಟಿ’ ಎನ್ನುತ್ತಾರೆ: ಎರಡು ಕೆಪಾಸಿಟರುಗಳು, ಎರಡು ರೆಸಿಸ್ಟರುಗಳು, ಅವುಗಳ ಬೆನ್ನಿಗೆ ಹಿಗ್ಗಿಸುವ ಮಂಡಲವೊಂದು. ನಡುವಿನಿಂದ ಕೆಳಕ್ಕಿಳಿದು ಗ್ರೌಂಡನ್ನು ಸೇರುವ ರೆಸಿಸ್ಟರನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಶ್ರುತಿ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಕಾಲು ಭಾಗಕ್ಕೆ ತಗ್ಗಿಸಿದರೆ ಒಂದು ಸ್ಥಾಯಿ ಮೇಲೇರುತ್ತದೆ. ಆ ರೆಸಿಸ್ಟರನ್ನು ಬಿಚ್ಚಿ ಅದರ ಸ್ಥಳದಲ್ಲಿ ರೇಡಿಯೋ ಅಂಗಡಿಯಲ್ಲಿ ಸಿಗುವ ಸಾಮಾನ್ಯ ವಾಲ್ಯೂಮ್ ಕಂಟ್ರೋಲೊಂದನ್ನು ಬೆಸುಗೆ ಹಾಕಿದರೆ, ಗೊಡ್ಡು ‘ಡುಮ್’ ಮಾತ್ರ ಬಲ್ಲ ಯಂತ್ರ ರಾಗಕ್ಕೆ ತಕ್ಕ ಶ್ರುತಿಯಲ್ಲಿ ಮಿಡಿಯಬಲ್ಲುದಾಗುತ್ತದೆ. ಮೇಲಿನ ಸೇತುವೆಯಂತಿರುವ ಇನ್ನೊಂದು ರೆಸಿಸ್ಟರನ್ನು ಹೆಚ್ಚಿಸಿದರೆ ನಾದದ ಬಾಳಿಕೆ ನೀಳವಾಗುತ್ತದೆ. ಮಂಡಲದ ಹೊರಬರುವ ನಾದದಲ್ಲಿ ಒಂದಿಷ್ಟನ್ನು ಮರಳಿ ಒಳಕ್ಕೆ ಕೊಟ್ಟರೆ ಅದು ಇನ್ನೂ ನೀಳವಾಗಿ, ಒಂದು ಹದವನ್ನು ಮೀರಿದೊಡನೆ ನಿಲ್ಲುವುದನ್ನೇ ಮರೆತು ಅಖಂಡವಾಗಿ ಮೊರೆಯತೊಡಗುತ್ತದೆ. ಅಷ್ಟಕ್ಕೆ ಹೋಗದೆ, ಅದರ ಹೊಸ್ತಿಲಲ್ಲಿ ತಿರುಗಣೆಯನ್ನು ನಿಲ್ಲಿಸುವುದರಲ್ಲಿದೆ ಜಾಣತನ. ಅಲ್ಲಿ ಸಿಕ್ಕುವ ನಾದ ಡ್ರಮ್ಮೂ ಅಲ್ಲ, ತಂತಿವಾದ್ಯವೂ ಅಲ್ಲ.

ಹೀಗೆ ವಿದ್ಯುನ್ಮಂಡಲಗಳನ್ನು ವಿಧಿವತ್ತಲ್ಲದ ರೀತಿಯಲ್ಲಿ ಬಾಗಿಸಿ ನಾದ ಹುಡುಕುವುದನ್ನು ಒಂದು ಕಲೆಯಾಗಿಯೇ ಬೆಳೆಸಿದವರು ಅಮೆರಿಕದ ರೀಡ್ ಗಝಾಲಾ. 1960ರ ದಶಕದಲ್ಲಿ, ಹುಡುಗರಾಗಿದ್ದಾಗ, ಮೇಜಿನ ಸೆಳೆಖಾನೆಯಲ್ಲಿ ಬಿದ್ದಿದ್ದ ಆಟದ ಆಂಪ್ಲಿಫಯರೊಂದು ಅಲ್ಲಿನ ಲೋಹಕ್ಕೆ ತಾಗಿ ತನ್ನಷ್ಟಕ್ಕೆ ತಾನೇ ಅರಚತೊಡಗಿದುದನ್ನು ಕೇಳಿ ಅವರಿಗೆ ಈ ಹುಚ್ಚು ಹಿಡಿಯಿತು. ಆ ಆಂಪ್ಲಿಫಯರು ಬ್ಯಾಟರಿಯದು ಎಂಬುದನ್ನು ಮಾತ್ರ ಓದುಗರು ಮರೆಯಬಾರದು. ಬ್ಯಾಟರಿಯಿಂದ ನಡೆಯುವ ಯಂತ್ರವನ್ನು ಬಿಚ್ಚಿದರೆ ಕೆಡುವುದು ಹೆಚ್ಚೆಂದರೆ ಯಂತ್ರ. ಗೋಡೆಯ ಪ್ಲಗ್ಗಿನಿಂದ ನೇರವಾಗಿ ವಿದ್ಯುತ್ ಪಡೆಯುವ ಆರ್ಗನ್ ಸಂಗಾತಿಗಳನ್ನು, ಅದರಲ್ಲೂ ವಾಲ್ವುಗಳುಳ್ಳ ಸೈಡ್‌ಮ್ಯಾನಿನಂತಹವನ್ನು, ತಿಳಿದ ರಿಪೇರಿಯವನಲ್ಲದೆ ಬೇರೆಯವರು ಬಿಚ್ಚಲೇಕೂಡದು. ಪ್ಲಗ್ಗು ಕಿತ್ತ ಮೇಲೆಯೂ ಅವುಗಳ ಕೆಪಾಸಿಟರುಗಳಲ್ಲಿ ಮನುಷ್ಯನನ್ನು ಕೆಡವುವಷ್ಟು ವಿದ್ಯುತ್ತು ಉಳಿದಿರುತ್ತದೆ.

ವೇಗದ ವಿಷಯಕ್ಕೆ ಮತ್ತೆ ಬರಬೇಕಾಗಿದೆ. ಏಕೆಂದರೆ ಈ ಯಂತ್ರಗಳ ಅತ್ಯಂತ ಸೋಜಿಗದ ಗುಣ ಅಲ್ಲಿಯೇ ಅಡಗಿದೆ. ಅಮೆರಿಕದ ಸಂಗೀತರಚನಕಾರ ಹೆನ್ರಿ ಕವೆಲ್, ರಷ್ಯದ ವಿಜ್ಞಾನಿ ಲಿಯೋನ್ ತೆರೆಮಿನ್ ಅವರಿಂದ 1931ರ ಹೊತ್ತಿಗೆ ‘ರಿದ್ಮಿಕಾನ್’ ಎಂಬ ವಾದ್ಯವನ್ನು ಮಾಡಿಸಿದ್ದರು. ಲಯವೂ ಶ್ರುತಿಯೂ ಬೇರೆಬೇರೆಯಲ್ಲ, ನಿಧಾನವಾದ ಕಂಪನ ಲಯವಾಗಿಯೂ ತ್ವರಿತವಾದುದು ಶ್ರುತಿಯಾಗಿಯೂ ಕೇಳುತ್ತದೆ ಎಂಬ ಅವರ ಸಿದ್ಧಾಂತವನ್ನು ಆ ವಾದ್ಯ ಕಿವಿಗೆ ಕಾಣಿಸುತ್ತಿದ್ದಿತು. ಹೊರಗಿನಿಂದ ಗಡಿಯಾರಸ್ಪಂದನವನ್ನು ಸ್ವೀಕರಿಸುವ ಅಗ್ಗದ ತಾಳಯಂತ್ರದಲ್ಲಿ ಇದನ್ನೇ ಯಾರು ಬೇಕಾದರೂ ಪರೀಕ್ಷಿಸಬಹುದು. ನಿಮಿಷಕ್ಕೆ 120 ಎಣಿಕೆಯ ಸಾಧಾರಣ ನಡೆಯಲ್ಲಿ, ಎಣಿಕೆಗೆ ನಾಲ್ಕು ಮಾತ್ರೆಯಂತೆ, ಸೆಕೆಂಡಿಗೆ ಎಂಟು ಮಾತ್ರೆಗಳು ಉರುಳುತ್ತವೆ. ಅದನ್ನು ಸೆಕೆಂಡಿಗೆ 800ಕ್ಕೆ ಏರಿಸಿದರೆ 16 ಮಾತ್ರೆಯ ಆವರ್ತ ಸೆಕೆಂಡಿಗೆ 50 ಸಲ ಮರುಕಳಿಸಿ, ತಾಳವೆಂಬುದು ಕರಗಿಹೋಗಿ, 50 ಹರ್ಟ್ಸ್‌ನ ಮಂದ್ರಸ್ವರವೊಂದು ಗುಂಯ್‌ಗುಟ್ಟುತ್ತದೆ; ಆವರ್ತದಲ್ಲಿ ಯಾವ ಮಾತ್ರೆಗೆ ಪೆಟ್ಟು ಬರೆದಿದ್ದೇವೆ ಎಂಬುದು ಈಗ ಆ ಸ್ವರದ ಬಣ್ಣವಾಗಿ ಮಾರ್ಪಡುತ್ತದೆ. ಅಲ್ಲಿಂದ ಸ್ಪಂದನವನ್ನು ಮೆಲ್ಲಗೆ ಇಳಿಸುತ್ತ ಬಂದರೆ ಸ್ವರ ಒರಟಾಗಿ, ಒರಟು ಗುಡುಗಾಗಿ, ಗುಡುಗು ಬಿಡಿಬಿಡಿಯಾದ ಪೆಟ್ಟುಗಳಾಗಿ ಒಡೆಯುವುದನ್ನು ಕೇಳಬಹುದು.

ಯಂತ್ರದಿಂದ ಹೊರಬಂದ ಮೇಲೆ ನಾದಕ್ಕೆ ಮಾಡಬಹುದಾದ ಉಪಚಾರಗಳು ಎಲ್ಲರೂ ಬಲ್ಲವೇ ಆದುದರಿಂದ ವಿಸ್ತರಿಸುವುದಿಲ್ಲ. ಗಿಟಾರಿನವರ ಕಾಲ್ಗುಂಡಿಗಳಾದ ಎಕೋ, ಫೇಸರ್, ಡಿಸ್ಟಾರ್ಷನ್ ಇವೆಲ್ಲ ಇಲ್ಲಿಯೂ ಸಲ್ಲುತ್ತವೆ. ಡಿಸ್ಟಾರ್ಷನ್ನಿನ ಮಾತೊಂದನ್ನು ಮಾತ್ರ ಹೇಳಬೇಕು. 50 ಹರ್ಟ್ಸ್‌ನ ಬೇಸ್ ಡ್ರಮ್ ಸಣ್ಣ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ. ಅದನ್ನು ಡಿಸ್ಟಾರ್ಷನ್ನಿನಿಂದ ಸ್ವಲ್ಪ ಜಜ್ಜಿದರೆ 150, 250 ಹರ್ಟ್ಸ್‌ಗಳ ಉಪಸ್ವರಗಳು ಹುಟ್ಟಿ, ಮೂಲಸ್ವರ ಕಿವಿಗೆ ಬೀಳದಿದ್ದರೂ ಅದರ ಇರವನ್ನು ಮನಸ್ಸು ಊಹಿಸಿಕೊಳ್ಳುತ್ತದೆ. ನ್ಯೂಯಾರ್ಕಿನ ಸೂಯಿಸೈಡ್ ಎಂಬ ಇಬ್ಬರೇ ಇದ್ದ ತಂಡ 1977ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ, ಆರ್ಗನ್ನಿನ ಜೊತೆಗಿಡುವ ಸೀಬರ್ಗ್ ರಿದಂ ಪ್ರಿನ್ಸ್ ಎಂಬ ಸಾಧುಪ್ರಾಣಿಯಿಂದ ಹೊರಡಿಸಿದ ಉಗ್ರವಾದ ಮಿಡಿತವನ್ನು ಕೇಳಿದವರಿಗೆ ಈ ಉಪಚಾರದ ಮಹಿಮೆ ತಿಳಿಯುತ್ತದೆ. ಇನ್ನೊಂದು ದಾರಿ, ಸ್ಪೀಕರಿನ ಸದ್ದನ್ನು ಯಾವುದಾದರೂ ಸ್ಥಳದಲ್ಲಿ ಮೊಳಗಿಸಿ ಮೈಕಿನಿಂದ ಮತ್ತೆ ಹಿಡಿಯುವುದು. ಸ್ಟುಡಿಯೋಗಳಲ್ಲಿ ಸ್ಪೀಕರನ್ನು ನಿಜವಾದ ಸ್ನೇರ್ ಡ್ರಮ್ಮಿಗೆ ಎದುರಾಗಿಟ್ಟು ಅದರ ತಂತಿಗಳನ್ನು ಅದುರಿಸುವುದು ರೂಢಿ. ನಮ್ಮ ಹಳೆಯ ಬಚ್ಚಲುಮನೆಗಳ ತಾಮ್ರದ ಹಂಡೆ ಈ ಕೆಲಸಕ್ಕೆ ಯಾವ ಸ್ಟುಡಿಯೋಗೂ ಸೋಲುವುದಿಲ್ಲ. ಬರಿದಾದ ಹಂಡೆಯ ಬಾಯಿಗೆ ಸಣ್ಣ ಸ್ಪೀಕರನ್ನು ಇಳಿಬಿಟ್ಟು, ಹೊರಮೈಗೆ ಮೈಕನ್ನು ಹಿಡಿದು, ಹಂಡೆಯೊಳಗೆ ಚೊಂಬು ಚೊಂಬಾಗಿ ನೀರು ಹೊಯ್ಯುತ್ತ ಹೋದರೆ ಅದೇ ಸ್ನೇರಿನ ಪೆಟ್ಟಿಗೆ ಹಂಡೆ ಕೊಡುವ ಉತ್ತರ ಬದಲಾಗುತ್ತ ಹೋಗುತ್ತದೆ. ಸ್ಪೀಕರಿಗೂ ನೀರಿಗೂ ಅಂತರ ಕಾಯ್ದುಕೊಂಡರಾಯಿತು.

ಡ್ರಮ್ಮಿನ ಸದ್ದನ್ನೇ ಬಿಟ್ಟುಬಿಡುವುದೂ ಒಂದು ಉಪಾಯವೇ. 1981ರ ಸುಮಾರಿಗೆ ಬಂದ ರೋಲ್ಯಾಂಡ್ ಟಿಆರ್-606ರಲ್ಲಿ ಟಾಮ್ ಎಂಬ ಡ್ರಮ್ಮುಗಳೆರಡಕ್ಕೂ ಪ್ರತ್ಯೇಕವಾದ ಟ್ರಿಗರ್ ಕಿಂಡಿಗಳುಂಟು. ಟಾಮ್‌ಗಳ ಸದ್ದನ್ನು ತಿರುಗಣೆಯಿಂದ ಸೊನ್ನೆಗಿಳಿಸಿ, ಆ ಕಿಂಡಿಯಿಂದ ಬರುವ ಸ್ಪಂದನವನ್ನು ಸಿಂಥಸೈಜರ್ ಒಂದಕ್ಕೆ ಕೊಟ್ಟರೆ, ಟಾಮ್ ಬರೆದ ಮಾತ್ರೆಗಳಲ್ಲೆಲ್ಲ ಸಿಂಥಸೈಜರಿನ ಸ್ವರಗಳು ಒಂದೊಂದಾಗಿ ಮುಂದೆ ಸರಿಯುತ್ತವೆ. ಅಂದರೆ ತಾಳವೇ ರಾಗದ ನಡೆಯನ್ನು ಗೊತ್ತುಮಾಡುತ್ತದೆ. ಈ 606ರ ಜೋಡಿಯಾಗಿ ಮಾರಾಟಕ್ಕಿಟ್ಟ ಟಿಬಿ-303 ಎಂಬ ಬೇಸ್ ಯಂತ್ರವೂ ಗಿರಾಕಿಗಳಿಲ್ಲದೆ ಸೋತು, ಹಳೆಯ ಸಾಮಾನಾಗಿ ಷಿಕಾಗೋದ ತರುಣರ ಕೈಸೇರಿ, 1987ರ ಹೊತ್ತಿಗೆ ‘ಆ್ಯಸಿಡ್ ಹೌಸ್’ ಎಂಬ ಹೊಸ ಸಂಗೀತವನ್ನೇ ಹುಟ್ಟಿಸಿತೆಂಬುದು ಜನಜನಿತವಾದ ಕಥೆ. ಅದಕ್ಕೂ ಐದು ವರ್ಷ ಮೊದಲೇ, 1982ರಲ್ಲಿ, ಮುಂಬಯಿಯ ಚಿತ್ರಸಂಗೀತದ ವಾದಕರಾದ ಚರಣ್‌ಜಿತ್ ಸಿಂಗ್ ಇದೇ ಟಿಬಿ-303ನ್ನೂ ಟಿಆರ್-808ನ್ನೂ ಜ್ಯೂಪಿಟರ್-8 ಸಿಂಥಸೈಜರನ್ನೂ ಜೋಡಿಸಿ, ಭೈರವ, ಯಮನ್, ಮಾಲ್ಕೌನ್ಸ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ನಡೆಗೆ ಹೊಂದಿಸಿ ಒಂದು ರೆಕಾರ್ಡ್ ಮಾಡಿದ್ದರು. ಅಂದು ಅದನ್ನು ಕೇಳಿದವರು ವಿರಳ. 2010ರಲ್ಲಿ ಅದು ಮರುಮುದ್ರಣಗೊಂಡಾಗ ಯೂರೋಪಿನ ರಸಿಕರು ಬೆರಗಾದರು. ಅವರ ಬೆರಗು ನನಗೆ ಅಷ್ಟು ಸಹಜವೆಂದು ತೋರುವುದಿಲ್ಲ. ಒಂದು ಸ್ವರವನ್ನು ಜಾರಿಸಿ ಎಳೆದು ಮುಂದಿನ ಸ್ವರಕ್ಕೆ ಮುಟ್ಟಿಸುವ 303ರ ಗುಣ ರಾಗಸಂಗೀತ ಬಲ್ಲವನ ಕಿವಿಗೆ ಗಮಕದಂತೆ ಕೇಳಿಸಿದ್ದರೆ ಆಶ್ಚರ್ಯವೇನು?

ಇಂತಹ ಯಂತ್ರವನ್ನು ಕೊಳ್ಳಹೊರಟವರು ಎಲ್ಲಕ್ಕಿಂತ ಮೊದಲು ಬ್ಯಾಟರಿಯ ಗೂಡನ್ನು ತೆರೆದು ನೋಡಬೇಕು. ವರ್ಷಗಟ್ಟಲೆ ಒಳಗೇ ಉಳಿದ ಬ್ಯಾಟರಿ ಸೋರಿ, ಹಸಿರು ಬಿಳಿ ಹುಡಿ ಲೋಹದ ತಗಡುಗಳನ್ನು ತಿಂದಿದ್ದರೆ, ಮಾರುವವನು ಎಷ್ಟು ನಯವಾಗಿ ಮಾತನಾಡಿದರೂ ಬೆಲೆಯನ್ನು ಅರ್ಧಕ್ಕಿಳಿಸಬೇಕು. ಬರೆದಿಟ್ಟ ತಾಳಗಳು ಉಳಿಯುವುದೂ ಬ್ಯಾಟರಿಯ ದಯೆಯಿಂದಲೇ ಆದ್ದರಿಂದ, ಇಷ್ಟವಾದ ತಾಳವನ್ನು ಕಾಗದದ ಮೇಲೆ ಗೆರೆ ಚುಕ್ಕಿಗಳಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ತಿರುಗಣೆಗಳು ಕರಕರ ಎಂದರೆ ಹೆದರಬೇಕಾಗಿಲ್ಲ. ಅದು ಬಹುಮಟ್ಟಿಗೆ ಧೂಳಿನ ದೋಷ. ಹಳೆಯದು ದೊರೆಯದಿದ್ದವರು ಕೊರ್ಗ್ ಕಂಪೆನಿ 2013ರಲ್ಲಿ ತಂದ ವೋಲ್ಕಾ ಬೀಟ್ಸ್ ಎಂಬ ಅಗ್ಗದ ಹೊಸ ಯಂತ್ರದಿಂದಲೂ ಆರಂಭಿಸಬಹುದು. ಅದರಲ್ಲಿ ಕೆಲವು ದನಿಗಳು ಮುದ್ರಿತವಾದರೂ ಬೇಸ್ ಡ್ರಮ್, ಸ್ನೇರ್, ಟಾಮ್, ಹೈ-ಹ್ಯಾಟ್‌ಗಳು ಅನಲಾಗ್ ಮಂಡಲಗಳಿಂದಲೇ ಹೊರಡುತ್ತವೆ. ಅದರ ಸ್ನೇರ್ ಬಡವೆಂದು ಕೊಂಡವರೆಲ್ಲ ಗೊಣಗಿದರು. ಗೊಣಗಿ ಸುಮ್ಮನಾಗದೆ ಬೆಸುಗೆಯ ಕಡ್ಡಿಯನ್ನು ಕಾಯಿಸಿ, ಹಲಗೆಯ ಮೇಲಿನ ಒಂದು ಕೆಪಾಸಿಟರನ್ನು ಬದಲಾಯಿಸಿ, ತಮಗೆ ಬೇಕಾದ ಸ್ನೇರನ್ನು ತಾವೇ ಮಾಡಿಕೊಂಡರು.